ಮೂರು ಸಲ ಕೇಳುವ ಯಂತ್ರ

ಧಾರವಾಡದ ಜನಕ್ಕೆ ಹಸಿವೇ ಆಗುವುದಿಲ್ಲ ಎಂದು ಲೆಕ್ಕ ಸಮೇತ ಸಾಬೀತು ಮಾಡಿದ ಮೊದಲ ವಿಜ್ಞಾನಿ ನಾನೇ. ಅವರಿಗೆ ಚಹಾ ಬೇಕಾದರೂ ಅರ್ಧ ಕಪ್ಪೇ ಬೇಕು, ಬೇರೆಯವರ ಮನೆಯ ಊಟಕ್ಕಿಂತ ಉಪವಾಸವೇ ಇಷ್ಟ, ಕುರ್ಚಿಯಲ್ಲಿ ಕೂರುವುದಕ್ಕಿಂತ ಬಾಗಿಲ ಹತ್ತಿರ ನಿಲ್ಲುವುದೇ ಹಿತ ಎಂದೂ ನನ್ನ ಯಂತ್ರ ಹೇಳಿತ್ತು. ಆ ವರದಿ ಓದಿದ ನಮ್ಮ ನಿರ್ದೇಶಕಿ ಡಾ. ಫಿರ್ದೋಸ್ ಬೇಪಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕಾತ್ಯಾಯಿನಿ, ಮಂದಿಗೆ ನೀವು ಎಷ್ಟ ಸಲ ಕೇಳೀರಿ?"

"ಒಂದು ಸಲ ಮೇಡಂ. ಪ್ರಶ್ನೆ ಅಂದ್ರೆ ಒಂದೇ ಸಲ ತಾನೇ ಕೇಳೋದು?"

"ಅಲ್ಲೇ ಐತಿ ನೋಡ್ರಿ ತಪ್ಪು. ನೀವು ತುಮಕೂರಿನವರು."

ಈಗ ಆ ಯಂತ್ರ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಶಾಲೆಯ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೋದ ತಿಂಗಳು ನಾನೂ ಹೋಗಿ ನೋಡಿಬಂದೆ. ಇಷ್ಟು ಸಣ್ಣದಾಗಿತ್ತೇ ಅನ್ನಿಸಿತು. ಜೊತೆಗೆ ನನ್ನ ಗಂಡ ಗುರುಸಿದ್ದ ಇರಬೇಕಿತ್ತು ಅಂತಲೂ ಅನ್ನಿಸಿತು. ಅವನು ತೀರಿಹೋಗಿ ಮೂರು ವರ್ಷವಾಯಿತು. ಅವನಿದ್ದಿದ್ದರೆ ಆ ಪೆಟ್ಟಿಗೆಯ ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಕಾವಲಿನವನ ಹತ್ತಿರ ಬೈಸಿಕೊಂಡು ಬರುತ್ತಿದ್ದ.

ಆಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಕೆಲಗೇರಿ ರಸ್ತೆಯಲ್ಲಿ, ಬೇವಿನ ಮರಗಳ ಹಿಂದೆ, ನಮ್ಮ ಒಲವು ಮಾಪನ ಸಂಸ್ಥೆ ಹೊಸದಾಗಿ ಶುರುವಾಗಿತ್ತು. ನಾವು ಹಿಡಿದು ಕೂತಿದ್ದು ಒಂದೇ ಪ್ರಶ್ನೆ. ಒಬ್ಬ ಮನುಷ್ಯನ ಇಷ್ಟಾನಿಷ್ಟಗಳನ್ನೆಲ್ಲ ಒಂದು ಸಮೀಕರಣದಲ್ಲಿ ಬರೆದಿಡಲು ಬಂದರೆ ಏನಾಗುತ್ತದೆ? ಅರ್ಥಶಾಸ್ತ್ರದವರು ಕಾಗದದ ಮೇಲೆ ಅಂಥ ಸಮೀಕರಣವನ್ನು ಬಹಳ ಹಿಂದಿನಿಂದ ಬರೆಯುತ್ತಲೇ ಬಂದಿದ್ದರು. ತುಷ್ಟಿಗುಣ ಫಲನ ಎಂಬ, ಗಂಟಲಿಗೆ ಸಿಕ್ಕಿಕೊಳ್ಳುವ ಹೆಸರನ್ನೂ ಇಟ್ಟಿದ್ದರು. ಆದರೆ ಅವರದು ಊಹೆಯ ಮನುಷ್ಯ. ನಾವು ನಿಜವಾದ ಮನುಷ್ಯರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅದನ್ನು ಬರೆಯಲು ಹೊರಟಿದ್ದೆವು.

ಅದಕ್ಕೆ ಬೇಕಾದದ್ದು ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ. ದಿನದಲ್ಲಿ ಆಗಾಗ ಅದು ಮೆಲ್ಲಗೆ ಕೇಳುತ್ತದೆ: ಇದೋ, ಅದೋ? ಅವಲಕ್ಕಿಯೋ, ಉಪ್ಪಿಟ್ಟೋ? ನಡೆದು ಹೋಗುವುದೋ, ಬಸ್ಸೋ? ಅವಲಕ್ಕಿ ಎಂದರೆ, ಅವಲಕ್ಕಿಗಾಗಿ ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲುತ್ತೀರಿ ಎಂದು ಮತ್ತೆ ಕೇಳುತ್ತದೆ. ಆಸೆಯ ತೂಕ ತಿಳಿಯುವುದು ಅಲ್ಲಿ. ನಿಯಮ ಎರಡೇ. ಗೊತ್ತಿಲ್ಲ ಅನ್ನುವಂತಿಲ್ಲ; ಬೇಕಾದರೆ ಎರಡೂ ಒಂದೇ ಅನ್ನಬಹುದು. ಮತ್ತೆ, ಲಾಡಿಗಿಂತ ಹೋಳಿಗೆ ಮೇಲು, ಜಿಲೇಬಿಗಿಂತ ಲಾಡು ಮೇಲು ಅಂದಮೇಲೆ ಜಿಲೇಬಿಯನ್ನು ಹೋಳಿಗೆಯ ತಲೆಯ ಮೇಲೆ ಕೂರಿಸುವಂತಿಲ್ಲ. ಇಷ್ಟು ಪಾಲಿಸಿದರೆ ಒಬ್ಬರ ಬಯಕೆಯೆಲ್ಲ ಒಂದು ಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ. ಇಷ್ಟವಿರುವ ಕಡೆ ಗುಡ್ಡ, ಇಲ್ಲದ ಕಡೆ ಹಳ್ಳ.

ಮನುಷ್ಯರ ಮನಸ್ಸು ದಿನಕ್ಕೊಂದು ಥರ ಇರುತ್ತದಲ್ಲ, ಅದಕ್ಕೇನು ಮಾಡುವುದು ಎಂಬ ಪ್ರಶ್ನೆ ಬಂತು. ವರ್ಷಗಟ್ಟಲೆ ಉತ್ತರಗಳನ್ನು ಸೇರಿಸಿ ಸರಾಸರಿ ತೆಗೆಯಬೇಕು ಎಂದು ವಾದಿಸಿ ಗೆದ್ದವಳು ನಾನು. "ಸಿಟ್ಟು ಬಂದ ದಿನದ ಮನಷ್ಯಾ ಮನಷ್ಯಾ ಅಲ್ಲೇನು?" ಎಂದು ಬೇಪಾರಿ ಮೇಡಂ ಕೇಳಿದ್ದರು. ಅಲ್ಲವೇ ಅಲ್ಲ ಎಂದು ನಾನು ಮೇಜು ಕುಟ್ಟಿದ್ದೆ. ನನಗೆ ಆಗ ಮೇಜು ಕುಟ್ಟುವ ಚಟ ಇತ್ತು. ಇನ್ನೊಂದು ನಿಯಮ ಮೇಡಂ ಅವರದು: ಅಳೆಯುವವರು ಅಳತೆಗೆ ನಿಲ್ಲಬಾರದು. ಹಾಗಾಗಿ ಸಂಸ್ಥೆಯ ವಿಜ್ಞಾನಿಗಳ ಕೈಗೆ ಪಟ್ಟಿ ಇರಲಿಲ್ಲ, ನನ್ನ ಗೆರೆ ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ವರದಿಯ ಕಥೆಗೆ ಬರುತ್ತೇನೆ. ನಕ್ಕು ಮುಗಿದ ಮೇಲೆ ಮೇಡಂ ನನ್ನನ್ನು ಪೇಟೆಯೊಳಗಿನ ಬಸಲಿಂಗವ್ವನ ಖಾನಾವಳಿಗೆ ಊಟಕ್ಕೆ ಕಳಿಸಿದರು. ಊಟ ಮಾಡಬೇಡಿ, ಬಡಿಸುವುದನ್ನು ನೋಡಿ ಎಂದರು. ಎರಡನ್ನೂ ಮಾಡಿದೆ. ಬಸಲಿಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಮಗ, ಉದ್ದಕೈಯ ತೆಳ್ಳಗಿನವನು, ಬುಟ್ಟಿ ಹಿಡಿದು ಸಾಲಿನಲ್ಲಿ ಬರುತ್ತಿದ್ದ.

"ರೊಟ್ಟಿ?"

"ಬ್ಯಾಡ್ರಿ."

"ಹಂಗ್ಯಾಕ, ತಗೋರಿ."

"ಸಾಕ್ರಿ, ಹೊಟ್ಟಿ ತುಂಬೇತಿ."

"ಅರ್ಧಾ ಆದ್ರೂ ತಗೋರಿ."

ಆಗ ಗಿರಾಕಿ ತಟ್ಟೆಗೆ ಅಡ್ಡ ಹಿಡಿದಿದ್ದ ಕೈ ಒಂದಿಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಬೀಳುತ್ತಿದ್ದದ್ದು ಇಡೀ ರೊಟ್ಟಿ. ಅರ್ಧ ಯಾಕೆ ಹಾಕಲಿಲ್ಲ ಎಂದು ಯಾರೂ ಜಗಳ ತೆಗೆಯುತ್ತಿರಲಿಲ್ಲ. ನಮ್ಮ ತುಮಕೂರಿನ ಮನೆಯಲ್ಲಿ ಬೇಡ ಎಂದರೆ ಪಾತ್ರೆ ಮುಂದಿನ ಎಲೆಗೆ ಹೋಗಿಬಿಡುತ್ತದೆ. ಮತ್ತೆ ಬೇಕೆಂದರೆ ಕೂಗಿ ಕರೆಯಬೇಕು. ಇಲ್ಲಿ ಈ ಆಟ ಸಾಲಿನುದ್ದಕ್ಕೂ ಒಬ್ಬರಾದ ಮೇಲೆ ಒಬ್ಬರಲ್ಲಿ ನಡೆಯುವುದನ್ನು ನೋಡುತ್ತಾ ನಾನು ತಿನ್ನುವುದನ್ನೇ ಮರೆತೆ.

"ಮೊದಲನೇ ಸಲಾ ಬ್ಯಾಡ ಅನ್ನೂದು ಮರ್ಯಾದಿಗೆ," ಎಂದಳು ಬಸಲಿಂಗವ್ವ, ಕೈ ನಿಲ್ಲಿಸದೆ. "ಎರಡನೇ ಸಲಾ ಸಂಕೋಚಕ್ಕ. ಮೂರನೇ ಸಲಾ ಏನಂತಾರ ಅದನ್ನ ಕೇಳಬೇಕವಾ ತಂಗಿ."

"ಮೂರನೇ ಸಲಾನೂ ಬೇಡ ಅಂದ್ರೆ?"

"ಆಮ್ಯಾಲೆ ಕೇಳಾಕ ಹೋಗಬಾರದು. ಸುಮ್ನ ಹಾಕಿಬಿಡೂದು."

ಅಷ್ಟರಲ್ಲಿ ಆ ಉದ್ದಕೈಯವನು ನನ್ನ ತಟ್ಟೆಗೂ ಹಾಗೇ ಒಂದನ್ನು ಹಾಕಿ ಮುಂದೆ ಹೋಗಿದ್ದ. ನಾನು ನಿಜವಾಗಿಯೂ ಮೂರು ಸಲ ಬೇಡ ಎಂದಿದ್ದೆ. ಬೈದೆ. ಆಮೇಲೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ.

ಯಂತ್ರಕ್ಕೆ ಮೂರು ಸಲ ಕೇಳುವುದನ್ನು ಕಲಿಸಿದೆವು. ಒತ್ತಾಯದ ಗುಣಾಂಕ ಎಂದು ಅದಕ್ಕೊಂದು ಗಂಭೀರ ಹೆಸರು ಕೊಟ್ಟೆವು. ಮುಂದಿನ ವರದಿಯಲ್ಲಿ ಧಾರವಾಡಕ್ಕೆ ಹಸಿವಾಗಿತ್ತು, ಚಹಾ ಇಡೀ ಕಪ್ಪು ಬೇಕಾಗಿತ್ತು. ಬೇರೆ ಬೇರೆ ರಾಜ್ಯಗಳಿಂದ ಜನ ನಮ್ಮನ್ನು ನೋಡಲು ಬಂದರು. ಆ ಹೊತ್ತಿಗೆ ಬಸಲಿಂಗವ್ವನಿಗೆ ಕೈ ಸೋತಿತ್ತು, ಖಾನಾವಳಿ ಮುಚ್ಚಿದ್ದಳು. ಮಗ ಗುರುಸಿದ್ದ ನಮ್ಮ ಸಂಸ್ಥೆಯ ಕ್ಯಾಂಟೀನ್ ನೋಡಿಕೊಳ್ಳಲು ಬಂದ. ಬಂದ ದಿನವೇ ಅವನ ಕೈಗೂ ಪಟ್ಟಿ ಕಟ್ಟಿದೆವು. ನಾನು ಊಟಕ್ಕೆ ತಡವಾಗಿ ಹೋದಷ್ಟೂ ಅವನು ಮುಚ್ಚಿಟ್ಟ ತಟ್ಟೆ ಬೆಚ್ಚಗಿರುತ್ತಿತ್ತು. ಹೀಗೆ ಶುರುವಾದದ್ದು. ಮದುವೆಯ ಮಾತು ಎತ್ತಿದವಳೂ ನಾನೇ, ಅದೂ ಮೂರು ಸಲ. ಮೂರನೇ ಸಲವೂ ಅವನು ತಲೆ ತಗ್ಗಿಸಿ, "ನಿನ್ನಿಷ್ಟ," ಎಂದ. ನಾಚಿಕೆ ಇರಬೇಕು ಅಂದುಕೊಂಡೆ.

ನಮ್ಮ ಮನೆ ಮಾಳಮಡ್ಡಿಯಲ್ಲಿತ್ತು. ಎರಡು ಕೋಣೆ, ಹಿಂದೆ ಒಂದು ಸಣ್ಣ ಹಿತ್ತಲು, ಅದರಲ್ಲಿ ಕರಿಬೇವಿನ ಗಿಡ. ಇವತ್ತು ಏನು ಮಾಡೋಣ ಎಂದರೆ ನಿನ್ನಿಷ್ಟ, ಸಿನಿಮಾಗೆ ಹೋಗೋಣವೇ ಎಂದರೆ ನಿನ್ನಿಷ್ಟ, ಗೋಡೆಗೆ ಯಾವ ಬಣ್ಣ ಎಂದರೆ ನಿನ್ನಿಷ್ಟ. ನನ್ನ ಇಷ್ಟವೋ ಗಾಳಿ ಬೀಸಿದತ್ತ. ಒಂದು ವಾರ ಖಾರ ಬೇಕು, ಮುಂದಿನ ವಾರ ಮೆಣಸಿನಕಾಯಿ ಕಂಡರೆ ಸಿಡುಕು. ಗೋಡೆಗೆ ಮೂರು ವರ್ಷದಲ್ಲಿ ನಾಲ್ಕು ಬಣ್ಣ ಬಿತ್ತು. ಪ್ರತಿ ಸಲವೂ ಅವನೇ ಏಣಿ ಹತ್ತಿದ, ಪ್ರತಿ ಸಲವೂ ಬಣ್ಣ ಚೆನ್ನಾಗಿದೆ ಎಂದ.

ಅಷ್ಟರಲ್ಲಿ, ಊರಿನ ವ್ಯವಸ್ಥೆಯೆಲ್ಲ ಜನರ ಗೆರೆಗಳಂತೆಯೇ ನಡೆಯಬೇಕೆಂಬ ಒಲವು ಕಾಯ್ದೆ ಬಂದು, ಅಳೆಯುವ ನಮ್ಮನ್ನು ಬಿಟ್ಟು ಎಲ್ಲರ ಕೈಗೂ ಪಟ್ಟಿ ಬಂತು. ನಮ್ಮ ಗೋಡೆಯಾಚೆಯ ಜಗತ್ತು ಎಷ್ಟು ಬೇಗ ಬದಲಾಯಿತೆಂದರೆ ಈಗ ನೆನೆದರೆ ತಲೆ ತಿರುಗುತ್ತದೆ. ತರಕಾರಿ ಗಾಡಿ ಬೀದಿಯಲ್ಲಿ ಕೂಗುವುದನ್ನು ಬಿಟ್ಟು, ನಿಮಗೆ ಏನು ಇಷ್ಟವೋ ಅಷ್ಟನ್ನೇ ಬಾಗಿಲಲ್ಲಿಟ್ಟು ಹೋಗತೊಡಗಿತು. ಬಸ್ಸಿನ ದಾರಿ, ಶಾಲೆಯ ವೇಳೆ, ನಲ್ಲಿಯಲ್ಲಿ ನೀರು ಬಿಡುವ ಹೊತ್ತು ಎಲ್ಲವೂ ಊರಿನ ಗೆರೆಗಳನ್ನು ಕೂಡಿಸಿ ನಿಗದಿಯಾಗುತ್ತಿತ್ತು. ಬೈಯುವವರು ಕಮ್ಮಿಯಾದರು. ಪೇಡೆ ಅಂಗಡಿಯ ಮುಂದಿನ ಸಾಲು ಕರಗಿಹೋಯಿತು, ಪೇಡೆ ಮನೆಗೇ ಬರುತ್ತಿತ್ತು, ಅದೂ ಅಂದು ತಿನ್ನಬೇಕು ಅನ್ನಿಸುವ ಮೊದಲೇ. ವಾರದ ಸಂತೆ ಸೊರಗಿತು. ಸಂತೆಯಲ್ಲಿ ಬದನೆಕಾಯಿ ತರಲು ಹೋಗಿ ಪಿಂಗಾಣಿ ಬರಣಿ ತರುತ್ತಿದ್ದೆವಲ್ಲ, ಆ ಸುಖ ಯಾರ ಗೆರೆಯಲ್ಲೂ ಇರಲಿಲ್ಲ, ಯಾಕೆಂದರೆ ಬರಣಿಯನ್ನು ಕಾಣುವವರೆಗೆ ಅದು ಬೇಕೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಈಗ ಅದಕ್ಕಾಗಿ ಹೊಟ್ಟೆ ಉರಿಯುತ್ತದೆ. ಆಗ ಉರಿಯಲಿಲ್ಲ, ಆಗ ನಾನು ಹೆಮ್ಮೆಯಲ್ಲಿದ್ದೆ.

ಗೆರೆಗಳ ನಡುವೆ ಕೆಲವು ಚಪ್ಪಟೆ ಗೆರೆಗಳಿದ್ದವು. ಗುಡ್ಡವೂ ಇಲ್ಲ, ಹಳ್ಳವೂ ಇಲ್ಲ. ಮೂರು ಸಲ ಕೇಳಿದರೂ ಎರಡೂ ಒಂದೇ ಅನ್ನುವವರು. ಕಾಯ್ದೆಗೆ ಇವರು ತುಂಬಾ ಬೇಕಾದವರಾದರು. ಯಾರೂ ಹೋಗಲು ಒಪ್ಪದ ಜಾಗಕ್ಕೆ, ಹೋದರೂ ಹೋಗದಿದ್ದರೂ ಒಂದೇ ಅನ್ನುವವರನ್ನು ಕಳಿಸಿದರೆ ಯಾರಿಗೂ ನೋವಿಲ್ಲ, ಊರಿನ ಒಟ್ಟು ಸಂತೋಷ ಮಾತ್ರ ಏರುತ್ತದೆ. ಗಣಿತದಲ್ಲಿ ಎಲ್ಲೂ ಕೊಂಕಿಲ್ಲ. ಆ ಕಲಮನ್ನು ನಾನೂ ಹೊಗಳಿದ್ದೆ.

ಆದೇಶ ಒಂದು ಭಾನುವಾರ ಬೆಳಿಗ್ಗೆ ಗುರುಸಿದ್ದನ ಪಟ್ಟಿಗೆ ಬಂತು. ಅವನು ಹಿತ್ತಲಲ್ಲಿ ಕೂತು ಹಸಿಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದ. ರಾಯಚೂರಿನಿಂದಾಚೆ ಬಿಸಿಲಹಾಳ ಎಂಬ ಕಡೆ ದೊಡ್ಡ ಸೌರ ವಿದ್ಯುತ್ ನಿಲ್ದಾಣ ಎದ್ದಿತ್ತು. ಅಲ್ಲಿನ ಕೆಲಸಗಾರರ ಕ್ಯಾಂಟೀನ್ ನಡೆಸಲು ಯಾರೂ ಒಪ್ಪಿರಲಿಲ್ಲ. ಐದು ವರ್ಷ, ವರ್ಷಕ್ಕೊಮ್ಮೆ ರಜೆ. ನಾನು ಹೋಗಬೇಕೆಂದರೆ ಕೆಲಸ ಬಿಡಬೇಕು, ಯಾಕೆಂದರೆ ಸಂಸ್ಥೆ ಇದ್ದದ್ದು ಧಾರವಾಡದಲ್ಲಿ ಮಾತ್ರ.

"ಏನ್ ಮಾಡೋಣ ಗುರು?"

"ನೀ ಹೆಂಗಂತಿ ಹಂಗ."

"ನಾನು ಹೇಳೋದಲ್ಲ. ನಿನಗೆ ಹೋಗೋಕೆ ಇಷ್ಟ ಇದೆಯಾ?"

ಅವನು ಮೆಣಸಿನಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ನಿನ್ನ ಕೆಲಸಕ್ಕ ಹೆಂಗ ಅನುಕೂಲ ಆಕ್ಕೈತಿ, ಹಂಗ," ಎಂದ.

ಮರುದಿನ ನಿಯಂತ್ರಣ ಕೋಣೆಯಲ್ಲಿ ನಾನು ಹಿಂದೆಂದೂ ಮಾಡದ ಕೆಲಸ ಮಾಡಿದೆ. ಗಂಡನ ಗೆರೆಯನ್ನು ಪರದೆಯ ಮೇಲೆ ತರಿಸಿದೆ. ಚಪ್ಪಟೆ. ಅಷ್ಟು ಸಪಾಟಾದ ಗೆರೆಯನ್ನು ನಾನು ಕಂಡಿರಲೇ ಇಲ್ಲ. ಅವಲಕ್ಕಿ, ಉಪ್ಪಿಟ್ಟು, ಖಾರ, ಸಿಹಿ, ಸಿನಿಮಾ, ಮನೆ, ಮಳೆ, ಬಿಸಿಲು, ಎಲ್ಲವೂ ಒಂದೇ. ನೋಡುತ್ತಾ ಹೋದವಳು ಆ ಪ್ರಶ್ನೆಯ ಹತ್ತಿರ ನಿಂತೆ. ಮದುವೆಯಾದವರೆಲ್ಲರಿಗೂ ಯಂತ್ರ ಆಗಾಗ ಕೇಳುತ್ತಿದ್ದ ಪ್ರಶ್ನೆ ಅದು: ಇವತ್ತು ಆಕೆಯ ಜೊತೆಗೋ, ಆಕೆಯಿಲ್ಲದೆಯೋ? ಗುರುಸಿದ್ದನ ಉತ್ತರಗಳ ಸರಾಸರಿ ಸೊನ್ನೆ.

ಉಪ್ಪಿಟ್ಟಿನಲ್ಲಾದರೂ ಸೊನ್ನೆಯ ಆಚೆ ಈಚೆ ಒಂದು ಕೂದಲಿನಷ್ಟು ವ್ಯತ್ಯಾಸವಿತ್ತು. ನನ್ನ ವಿಷಯದಲ್ಲಿ ಅದೂ ಇರಲಿಲ್ಲ. ನಾನು ಅತ್ತೆ. ಪಕ್ಕದ ಕೋಣೆಯವರಿಗೆ ಕೇಳಬಾರದೆಂದು ತಂಪು ಯಂತ್ರವನ್ನು ಜೋರು ಮಾಡಿ ಅತ್ತೆ. ನನ್ನ ಯಂತ್ರ ತಪ್ಪಿದ್ದರೆ ನನ್ನ ಬದುಕಿನ ಕೆಲಸ ಹೋಯಿತು, ಸರಿಯಿದ್ದರೆ ಮದುವೆಯೇ ಹೋಯಿತು.

ಸಂಜೆ ಅವನು ತಟ್ಟೆಗೆ ಅನ್ನ ಹಾಕುವಾಗ ಕೈ ಅಡ್ಡ ಹಿಡಿದು ಕೇಳಿಯೇಬಿಟ್ಟೆ. "ನಾನು ಇದ್ರೂ ಒಂದೇ, ಇಲ್ಲದೇ ಇದ್ರೂ ಒಂದೇ ಅಲ್ವಾ ನಿನಗೆ?"

"ಯಾರಂದ್ರು ಹಂಗ?"

"ನನ್ನ ಯಂತ್ರ."

ಅವನು ಸೌಟನ್ನು ಮತ್ತೆ ಪಾತ್ರೆಯಲ್ಲಿಟ್ಟ. ಅವನ ಮುಖದಲ್ಲಿ ಗೊಂದಲವಿತ್ತು. "ನಿನ್ನ ಯಂತ್ರ ಸುಳ್ಳ ಹೇಳಂಗಿಲ್ಲ ಬಿಡು," ಎಂದ. ನನ್ನ ಯಂತ್ರದ ಮೇಲೆ ಅವನಿಗೆ ಅಷ್ಟು ಅಭಿಮಾನ. ನಾನು ಊಟ ಬಿಟ್ಟು ಎದ್ದು ಕೋಣೆಯ ಬಾಗಿಲು ಹಾಕಿಕೊಂಡೆ. ನನ್ನಷ್ಟಕ್ಕೆ ನನ್ನನ್ನು ಬಿಡು ಎಂದು ಒಳಗಿನಿಂದಲೇ ಕೂಗಿದೆ. ಅದು ನನಗೆ ಅಭ್ಯಾಸವಾದ ಮಾತೇ ಆಗಿತ್ತು, ಅವನೂ ಅಭ್ಯಾಸದಂತೆ ಹಿತ್ತಲಿಗೆ ಹೋಗಿ ಕೂತ.

ಬೇಪಾರಿ ಮೇಡಂಗೆ ಮುಖ ನೋಡಿಯೇ ತಿಳಿಯುತ್ತಿತ್ತು. ಮರುದಿನ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಪರದೆಯ ಮೇಲಿದ್ದ ಚಪ್ಪಟೆ ಗೆರೆಯನ್ನು ನೋಡಿದರು. ಅದು ಯಾರದೆಂದು ಕೇಳಲಿಲ್ಲ.

"ಸರಾಸರಿ ತಗೀರಿ," ಎಂದರು.

"ಮೇಡಂ?"

"ನೀವು ಮೇಜು ಕುಟ್ಟಿ ಹಾಕಿದ ಸರಾಸರಿ ಐತೆಲ್ಲಾ, ಅದನ್ನ ತಗೀರಿ. ಒಂದೊಂದ ದಿನಾ ಬ್ಯಾರೆ ಬ್ಯಾರೆ ತೋರಿಸ್ರಿ."

ತೆಗೆದೆ. ಪರದೆ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿತು. ಗೋಡೆಯಷ್ಟು ದೊಡ್ಡ ಪರದೆಯ ತುಂಬ ಗುಡ್ಡಗಳು ಎದ್ದವು, ಹಳ್ಳಗಳು ಬಿದ್ದವು. ಅಷ್ಟು ಎತ್ತರದ ಗುಡ್ಡಗಳು ಬೇರೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಚಹಾಗಾಗಿ ಇಡೀ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಲು ಒಪ್ಪಿದ ದಿನಗಳಿದ್ದವು. ಚಹಾ ಕಂಡರೆ ಓಡಿಹೋಗುವ ದಿನಗಳೂ ಇದ್ದವು. ಒಂದರ ಮೇಲೊಂದು ಬಿದ್ದಾಗ ಗುಡ್ಡ ಹಳ್ಳವನ್ನು ತುಂಬಿ ಸಪಾಟಾಗಿತ್ತು, ಅಷ್ಟೇ.

"ಮನಷ್ಯಾ ಒಬ್ಬನೇ, ಬುದ್ಧಿ ಮಾತ್ರ ಘಳಿಗಿಗೊಂದು," ಎಂದರು ಮೇಡಂ. "ಗುರುಸಿದ್ದ ಹಂಗ ಇಲ್ಲಲ್ಲಾ?"

ಇರಲಿಲ್ಲ. ಹಾಗಿದ್ದವಳು ನಾನು. ಚಹಾ ಹಳ್ಳಕ್ಕೆ ಬಿದ್ದ ಆ ಮಳೆಗಾಲದ ತಿಂಗಳು ನನಗೆ ಚೆನ್ನಾಗಿ ನೆನಪಿತ್ತು. ಆಗ ನಾನು ಚಹಾ ಬಿಟ್ಟು ಕಷಾಯ ಕುಡಿಯುತ್ತೇನೆಂದು ಹಟ ಹಿಡಿದಿದ್ದೆ. ಕಷಾಯ ಸಾಕಾಗಿ ಮತ್ತೆ ಚಹಾಗೆ ಬಿದ್ದ ದಿನವೇ ಗುಡ್ಡ ಎದ್ದಿತ್ತು. ಬೆಳಿಗ್ಗೆ ಬೇಗ ಏಳುವುದರ ಮೇಲೆ ಒಂದು ಚಳಿಗಾಲದಲ್ಲಿ ದಿಢೀರನೆ ಆಸೆ ಏರಿ, ಸ್ವಲ್ಪ ದಿನಕ್ಕೇ ಕುಸಿದಿತ್ತು. ನಾನು ಕೆಲಗೇರಿ ಕೆರೆಯ ಸುತ್ತ ನಡೆಯುತ್ತೇನೆಂದು ಹೊಸ ಬೂಟು ಕೊಂಡು, ಬೂಟು ಕಚ್ಚಿತೆಂದು ಕೈಬಿಟ್ಟ ಚಳಿಗಾಲ ಅದು. ಅಷ್ಟು ದಿನವೂ ಅವನು ನನಗಿಂತ ಮೊದಲು ಎದ್ದು ಬಾಗಿಲಲ್ಲಿ ನಿಂತಿರುತ್ತಿದ್ದ, ಮಂಜಿನಲ್ಲಿ ಕೆಮ್ಮುತ್ತಾ. ಗೋಡೆಯ ನಾಲ್ಕು ಬಣ್ಣಗಳು ನಾಲ್ಕು ಗುಡ್ಡಗಳಾಗಿ ಸಾಲಾಗಿ ನಿಂತಿದ್ದವು. ಮರೆತೇಹೋಗಿದ್ದ ದಿನಗಳು ಒಂದೊಂದಾಗಿ ನನ್ನ ಮುಂದೆ ಬಂದು ನಿಂತವು, ಅವುಗಳ ವಾಸನೆ ಸಮೇತ. ಹೊಸ ಸುಣ್ಣದ ವಾಸನೆ, ಶುಂಠಿಯ ವಾಸನೆ.

ಯಂತ್ರ ಮೂರು ಸಲ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅವನ ಮೂರನೇ ಉತ್ತರವೂ ನಿಜವೇ. ನನಗೆ ಬೇಕಾದದ್ದು ಅಂದು ಅವನಿಗೆ ನಿಜವಾಗಿಯೂ ಬೇಕಾಗಿರುತ್ತಿತ್ತು.

ಕೊನೆಗೆ ಧೈರ್ಯ ಮಾಡಿ ಆ ಪ್ರಶ್ನೆಯನ್ನು ತೆರೆದೆ. ಆಕೆಯ ಜೊತೆಗೋ, ಆಕೆಯಿಲ್ಲದೆಯೋ? ನಾನು ದಣಿದು ಬಂದು ಅವನ ಹೆಗಲಿಗೆ ಒರಗಿದ ದಿನಗಳಲ್ಲಿ ಗುಡ್ಡ. ನನ್ನಷ್ಟಕ್ಕೆ ಬಿಡು ಎಂದು ಬಾಗಿಲು ಹಾಕಿಕೊಂಡ ದಿನಗಳಲ್ಲಿ ಹಳ್ಳ, ಅಷ್ಟೇ ಆಳದ್ದು. ನನಗೆ ಒಬ್ಬಳೇ ಇರಬೇಕೆನ್ನಿಸಿದರೆ ಅವನಿಗೂ ದೂರ ಇರಬೇಕೆನ್ನಿಸುತ್ತಿತ್ತು. ಕೂಡಿಸಿ ಭಾಗಿಸಿದರೆ ಸೊನ್ನೆ. ನಾನು ಅಷ್ಟೊಂದು ದಿನ ಬಾಗಿಲು ಹಾಕಿಕೊಂಡಿದ್ದೆನೇ?

"ಇದನ್ನ ಕಾಯ್ದೆಯ ಸಮಿತಿಗೆ ತೋರಿಸ್ತೀನಿ ಮೇಡಂ. ಅವನು ಚಪ್ಪಟೆ ಅಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಪ್ಪಂಗಿಲ್ಲ. ಒಬ್ಬರ ಒಲವನ್ನ ಇನ್ನೊಬ್ಬರ ಲೆಕ್ಕದಾಗ ಹಿಡೀಬಾರದು ಅಂತ ಕಲಮು ಐತಿ. ಹಿಡಿದ್ರ ಒಂದ ಆಸೆ ಎರಡು ಸಲಾ ಎಣಿಸಿದಂಗ ಆಕ್ಕೈತಿ. ಆ ಕಲಮು ಬರದಾಕಿ ನಾನ." ಆಮೇಲೆ ಮೆತ್ತಗೆ, "ಒಂದ ದಾರಿ ಐತಿ. ಅವ ಸ್ವತಃ ಬಂದು, ನನಗ ಧಾರವಾಡನ ಬೇಕು ಅಂತ ಒಂದ ಮಾತು ಹೇಳಬೇಕು. ಅಷ್ಟಾದ್ರ ಆದೇಶ ರದ್ದು ಮಾಡಬಹುದು," ಎಂದರು.

ಗುರುಸಿದ್ದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಉತ್ತರಿಸುವ ಕೋಣೆ ಸಣ್ಣದು, ಒಂದು ಕುರ್ಚಿ, ಎದುರಿಗೊಂದು ಧ್ವನಿವರ್ಧಕ. ಗಾಜಿನ ಈಚೆ ನಾನು, ಮೇಡಂ, ಸಮಿತಿಯ ಇಬ್ಬರು. ನಾವು ಅವನಿಗೆ ಕಾಣುತ್ತಿರಲಿಲ್ಲ.

"ಧಾರವಾಡವೋ, ಬಿಸಿಲಹಾಳವೋ?" ಎಂದಿತು ಯಂತ್ರ. ಅದಕ್ಕೆ ನಾನೇ ಆರಿಸಿದ ಮೃದುವಾದ ದನಿ.

"ಎರಡೂ ಒಂದ."

"ದಯವಿಟ್ಟು ಯೋಚಿಸಿ ಹೇಳಿ. ಧಾರವಾಡವೋ, ಬಿಸಿಲಹಾಳವೋ?"

"ಎರಡೂ ಒಂದ್ರಿ."

ನಾನು ಗಾಜಿಗೆ ಅಂಗೈ ಒತ್ತಿ ನಿಂತಿದ್ದೆ. ಯಂತ್ರ ಮೂರನೇ ಸಲ ಕೇಳಿತು. ಗುರುಸಿದ್ದ ಸುತ್ತ ನೋಡಿದ, ಧ್ವನಿವರ್ಧಕದ ಕಡೆ ಬಗ್ಗಿ, ಗುಟ್ಟು ಕೇಳುವವನ ಹಾಗೆ ದನಿ ತಗ್ಗಿಸಿದ.

"ಆಕಿ ಏನಂದ್ಲು?"

ಯಂತ್ರಕ್ಕೆ ಅದು ಉತ್ತರವಾಗಿ ಕಾಣಲಿಲ್ಲ. ಎರಡೂ ಒಂದೇ ಎಂದು ಬರೆದುಕೊಂಡಿತು. ಸಮಿತಿಯವರು ಎದ್ದು ಹೋದರು.

ಬೇವಿನ ಮರಗಳ ಕೆಳಗೆ ನಾವಿಬ್ಬರೂ ನಡೆದು ಮನೆಗೆ ಹೊರಟೆವು. "ಇಲ್ಲೇ ಇರ್ತೀನಿ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ ಗುರು," ಎಂದೆ.

"ನಾ ಹಂಗಂದ್ರ ನಿನ್ನ ಯಂತ್ರ ಅಷ್ಟ ವರ್ಷ ತಪ್ಪು ಬರಕೊಂಡೈತಿ ಅಂದಂಗ ಆಗತಿತ್ತು. ಮಂದಿ ನಗತಿದ್ರು," ಎಂದ.

ನಾನು ನಿಂತೆ. ಎದುರಿಗೆ ಕೆರೆಯ ಕಡೆಯಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿ ದಾರಿ ಬಿಡಿಸಿಕೊಂಡು ಹೋದ. "ಸರಿ. ನಾನೂ ಬರ್ಲಾ ನಿನ್ನ ಜೊತೆ?"

"ಬ್ಯಾಡ. ನಿನ್ನ ಕೆಲಸ ಇಲ್ಲೈತಿ."

"ಬರ್ಲಾ?"

"ಅಲ್ಲಿ ಬಿಸಲ ಭಾಳ. ನಿನಗ ತಡ್ಯಾಂಗಿಲ್ಲ."

"ಗುರು, ಬರ್ಲಾ?"

ಅವನು ನನ್ನ ಕಡೆ ನೋಡಲಿಲ್ಲ. "ಬ್ಯಾಡ ಅಂದೆನಲ್ಲಾ," ಎಂದ.

ಮೂರಾಯಿತು. ಮತ್ತೆ ಕೇಳಲಿಲ್ಲ.

ನಾನು ರಾಜೀನಾಮೆ ಕೊಟ್ಟಾಗ ಬೇಪಾರಿ ಮೇಡಂ ಹೋಗಬ್ಯಾಡ್ರಿ ಎಂದರು, ಮತ್ತೊಮ್ಮೆ ಅಂದರು, ಮೂರನೇ ಸಲವೂ ಅಂದರು. ಆಮೇಲೆ ದಾರಿಗೆಂದು ಒಂದು ಡಬ್ಬಿ ಖರ್ಜೂರ ಕೈಗಿಟ್ಟರು. ನನಗೆ ಯಂತ್ರ ಬಿಡುವುದು ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿಯಂತ್ರಣ ಕೋಣೆಯ ದೀಪ ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿದೆ.

ಗುರುಸಿದ್ದನಿಗೆ ಏನೂ ಹೇಳಲಿಲ್ಲ. ಅವನು ಹೊರಡುವ ಬೆಳಿಗ್ಗೆ ಬಾಗಿಲಲ್ಲೇ ನಿಂತು ಬೀಳ್ಕೊಟ್ಟೆ, ಬಸ್ ನಿಲ್ದಾಣಕ್ಕೆ ಬರುವುದಿಲ್ಲ ಎಂದೆ. ಅವನು ತಿರುವಿನಲ್ಲಿ ಮರೆಯಾದ ಕೂಡಲೇ ಮಂಚದ ಕೆಳಗಿನ ನನ್ನ ಟ್ರಂಕು ಎಳೆದು, ಆಟೋ ಹಿಡಿದೆ.

ರಾಯಚೂರಿನ ಬಸ್ಸು ಹೊರಡಲು ಗುರ್ ಅನ್ನುತ್ತಿತ್ತು. ಕಿಟಕಿಯ ಪಕ್ಕ ಅವನು ಕೂತಿದ್ದ, ಮಡಿಲಲ್ಲಿ ಬಸಲಿಂಗವ್ವನ ಹಳೇ ರೊಟ್ಟಿ ಬುಟ್ಟಿ. ನಮ್ಮ ಮದುವೆಯಾದಂದಿನಿಂದ ಅವನು ಕಿಟಕಿಯ ಪಕ್ಕ ಕೂತಿದ್ದನ್ನು ನಾನು ನೋಡಿರಲಿಲ್ಲ. ಕಿಟಕಿ ನನ್ನದು. ಅದರಲ್ಲಿ ಮಾತ್ರ ನನ್ನ ಬುದ್ಧಿ ಎಂದೂ ಬದಲಾಗಿರಲಿಲ್ಲ, ಕಿಟಕಿ ಸಿಗದಿದ್ದರೆ ನಾನು ಮುಂದಿನ ಬಸ್ಸಿಗೆ ಕಾಯುವವಳು. ನಾನು ಟ್ರಂಕನ್ನು ಸೀಟಿನ ಕೆಳಗೆ ನೂಕಿ, ಒಂದೂ ಮಾತಾಡದೆ ಅವನ ಪಕ್ಕದಲ್ಲಿ ನಿಂತೆ.

ಅವನು ತಲೆಯೆತ್ತಿ ನೋಡಿದ. ಟ್ರಂಕು ನೋಡಿದ. ಮತ್ತೆ ನನ್ನ ಮುಖ ನೋಡಿದ. ಕಣ್ಣು ತುಂಬಿಕೊಂಡಿತು. ಅಭ್ಯಾಸದಂತೆ ಬುಟ್ಟಿ ಎತ್ತಿಕೊಂಡು, ನನಗೆ ಕಿಟಕಿ ಬಿಡಲು ಅರ್ಧ ಎದ್ದ. ನಾನು ಒಳಗೆ ಹೋಗಲು ಸೀರೆಯ ನೆರಿಗೆ ಎತ್ತಿಕೊಂಡೆ. ಆಮೇಲೆ ಅವನಿಗೆ ಏನನ್ನಿಸಿತೋ ಏನೋ, ಎದ್ದವನು ಹಾಗೆಯೇ ಮತ್ತೆ ಕೂತುಬಿಟ್ಟ.

"ಕಾತ್ಯಾ," ಎಂದ, ಬುಟ್ಟಿಯನ್ನು ಎದೆಗವಚಿಕೊಂಡು. "ಕಿಟಕಿ ಕಡೆ ನಾ ಕುಂದರ್ತೀನಿ. ನನಗ ಕಿಟಕಿ ಅಂದ್ರ ಭಾಳ ಇಷ್ಟ."

ಬಿಸಿಲಹಾಳದವರೆಗೆ ನನಗೆ ಕಂಡದ್ದು ಅವನ ಕಿವಿ, ಅದರಾಚೆ ಒಂದು ಚೂರು ಜೋಳದ ಹೊಲ.